ಶಾಯಿಯಲ್ಲಿ ಬರೆದ ಚಿಕ್ ಚಾಕಲೇಟ್

ವಂಶವೃಕ್ಷ ಬರೆಯುವಾಗ ನಿಮ್ಮದೇ ಅಡ್ಡಹೆಸರಿನ ಹಳೆಯ ಜಾಝ್ ವಾದಕರೊಬ್ಬರು ಸಿಕ್ಕಿದ್ದಾರೆ, ರಕ್ತಸಂಬಂಧವನ್ನು ಸಾಬೀತುಪಡಿಸುವುದು ಹೇಗೆ ಎಂದು ಕೇಳಿದ್ದೀರಿ. ನನಗೆ ಸಿಕ್ಕಿದವರು ಆಂಟೋನಿಯೊ ಕ್ಸೇವಿಯರ್ ವಾಜ್. ಮಂಗಳೂರಿನ ಕ್ಯಾಥೊಲಿಕರಾದ ನಾವೂ ವಾಜ್ ಅಡ್ಡಹೆಸರಿನವರೇ. 1916ರಲ್ಲಿ ಗೋವೆಯ ಬಾರ್ದೇಸ್ ತಾಲೂಕಿನ ಅಲ್ದೊಣಾದಲ್ಲಿ ಹುಟ್ಟಿ, ಮುಂಬಯಿಯ ತಾಜ್ ಹೋಟೆಲಿನಲ್ಲಿ ‘ಚಿಕ್ ಚಾಕಲೇಟ್’ ಎಂಬ ಹೆಸರಿನಿಂದ ಟ್ರಂಪೆಟ್ ನುಡಿಸಿ, ಅಮೆರಿಕದ ಪ್ರಸಿದ್ಧ ಜಾಝ್ ವಾದಕನ ಹೆಸರಿನಿಂದ ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎನಿಸಿಕೊಂಡು, 1967ರಲ್ಲಿ ತೀರಿಕೊಂಡವರು ಅವರು. ನಮ್ಮ ಹಿರಿಯರೂ ಬಾರ್ದೇಸಿನಿಂದಲೇ ಬಂದವರೆಂಬ ಮಾತು ಮನೆಯಲ್ಲಿತ್ತು. ನನಗೆ ಅಷ್ಟೇ ಸಾಕಾಯಿತು. ಮುತ್ತಜ್ಜನ ದಾಯಾದಿಗಳ ಸಾಲಿನಲ್ಲಿ ಮೊದಲು ಪೆನ್ಸಿಲಿನಿಂದ ಅವರ ಹೆಸರು ಬರೆದೆ. ಆರು ತಿಂಗಳಾದ ಮೇಲೆ, ಹೊಸ ಪುರಾವೆ ಒಂದೂ ಇಲ್ಲದೆ, ಅದರ ಮೇಲೆ ಶಾಯಿ ಎಳೆದೆ.

ತಪ್ಪು ಆದದ್ದು ಅಲ್ಲಿಯೇ, ಅದನ್ನು ಬಿಡಿಸಿ ಹೇಳುತ್ತೇನೆ. ಸೋದರಸಂಬಂಧಿಯ ರೋಸಿನ (ಮದುವೆಯ ಮುನ್ನ ತೆಂಗಿನಹಾಲು ಹಚ್ಚುವ ಶಾಸ್ತ್ರದ) ದಿನ ಆ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿ ಎಲ್ಲರಿಗೂ ತೋರಿಸುತ್ತಿದ್ದೆ. ಎಂಬತ್ತು ದಾಟಿದ ಅತ್ತೆಯೊಬ್ಬರು, ಬೆರಳಿಗಂಟಿದ್ದ ತೆಂಗಿನಹಾಲನ್ನು ಸೆರಗಿಗೆ ಒರೆಸಿಕೊಂಡು, ಆ ಹೆಸರಿನ ಮೇಲೆ ಬೆರಳಿಟ್ಟು ಕೇಳಿದರು: “ನಾವು ಪ್ರಭುಗಳು. ಇವರು ಯಾರು?” ಮತಾಂತರಕ್ಕೆ ಮುಂಚಿನ ಮನೆತನದ ಹೆಸರನ್ನು ನಮ್ಮಲ್ಲಿ ಹಲವರು ಇಂದಿಗೂ ನೆನಪಿಟ್ಟುಕೊಂಡಿದ್ದಾರೆ. ನಾನು ಮಾತ್ರ ಅದನ್ನು ಹಿರಿಯರಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಪೋರ್ಚುಗೀಸ್ ಅಡ್ಡಹೆಸರುಗಳು ಬಂದದ್ದು ದೀಕ್ಷಾಸ್ನಾನದ ಹೊತ್ತಿನಲ್ಲಿ, ಬಹಳಷ್ಟು ಸಲ ಪಾದ್ರಿಯಿಂದ ಅಥವಾ ಜ್ಞಾನಪಿತನಿಂದ (ಗಾಡ್‌ಫಾದರ್). ಒಂದಕ್ಕೊಂದು ಸಂಬಂಧವೇ ಇಲ್ಲದ ಮನೆಗಳು ಒಂದೇ ಹೆಸರು ಹೊತ್ತು ಹೊರಬಂದಿರುವಾಗ, ವಾಜ್ ಎಂಬ ಎರಡಕ್ಷರವನ್ನು ನಾನು ರಕ್ತವೆಂದು ಓದಿದ್ದೆ. ಊರಿನ ಮೂಲ ಮನೆತನಗಳಾದ ಗಾಂವ್‌ಕಾರರಲ್ಲಿ ಅವರದು ಯಾವ ವಾಂಗಡ (ಕುಲ), ನಮ್ಮದು ಯಾವುದು ಎಂಬುದನ್ನು ಮೊದಲು ವಿಚಾರಿಸಬೇಕಿತ್ತು. ಅದನ್ನು ಬಿಟ್ಟು, ಅಡ್ಡಹೆಸರು ಹಿಡಿದು ದಾಖಲೆಗಳಲ್ಲಿ ಎರಡು ವರ್ಷ ಅಲೆದೆ. ಸಾಲದ್ದಕ್ಕೆ 1784ರಲ್ಲಿ ಟಿಪ್ಪು ನಮ್ಮ ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ ಇಗರ್ಜಿಗಳನ್ನು (ಚರ್ಚುಗಳನ್ನು) ಕೆಡವಿಸಿದ್ದರಿಂದ, ನಮ್ಮ ಮನೆಯ ದಾಖಲೆಯ ಕೊಂಡಿ ಅದರ ಹಿಂದಕ್ಕೆ ಹೋಗುವುದೇ ಇಲ್ಲ. ಸಂಬಂಧವಿದೆ ಎನ್ನಲು ಒಂದು ಸಾಲೂ ಸಿಗಲಿಲ್ಲ.

ಆದರೆ ಆ ಎರಡು ವರ್ಷಗಳಲ್ಲಿ ನಾನು ಕೇಳಿದ ಸಂಗೀತ ಸುಳ್ಳಾಗಲಿಲ್ಲ. ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕ ಸಿ. ರಾಮಚಂದ್ರರಿಗೆ ಚಿಕ್ ಸಹಾಯಕರಾಗಿದ್ದರೆಂದು ತಿಳಿದ ಮೇಲೆ 1951ರ ‘ಅಲ್ಬೇಲಾ’ ಚಿತ್ರವನ್ನು ಹುಡುಕಿ ನೋಡಿದೆ, ಅದರಲ್ಲಿ ಅವರು ತಮ್ಮ ವಾದ್ಯವೃಂದದೊಂದಿಗೆ ತೆರೆಯ ಮೇಲೆಯೇ ಕಾಣಿಸಿಕೊಳ್ಳುತ್ತಾರೆ. ಆ ದೃಶ್ಯವನ್ನು ನಾನು ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿದ್ದೇನೆಂಬ ಲೆಕ್ಕ ಮನೆಯವರಿಗೆ ಗೊತ್ತು. ಇಗರ್ಜಿಯ ಶಾಲೆಯಲ್ಲಿ ಸಂಗೀತ ಕಲಿಸುವ ಮೇಸ್ತ್ರಿಯ ಕಣ್ಣೆದುರು ಸ್ವರಲಿಪಿ ಓದಲು ಕಲಿತ ಗೋವೆಯ ಹುಡುಗರು, ರಾತ್ರಿ ಹೋಟೆಲಿನಲ್ಲಿ ಸ್ವಿಂಗ್ ಜಾಝ್ ನುಡಿಸಿ ಹಗಲು ಸ್ಟುಡಿಯೊದಲ್ಲಿ ಹಿಂದಿ ಹಾಡುಗಳಿಗೆ ನುಡಿಸುತ್ತಿದ್ದರು. ಬಾಲ್ಯದಲ್ಲಿ ರೇಡಿಯೊದಲ್ಲಿ ಕೇಳಿದ್ದ ಎಷ್ಟೋ ಹಾಡುಗಳಲ್ಲಿ, ಗಾಯಕಿಯ ಸಾಲು ಮುಗಿದ ಕೂಡಲೇ ನುಗ್ಗುವ ಆ ಹಿತ್ತಾಳೆಯ ದನಿಯನ್ನು ಈಗ ಬೇರೆಯಾಗಿ ಕೇಳಿಸಿಕೊಳ್ಳುತ್ತೇನೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಆ ವಾದಕರು ನಿಮ್ಮ ರಕ್ತಸಂಬಂಧಿಯಾದರೆ ಮಾತ್ರ ಕೇಳಲು ಯೋಗ್ಯರೇ? ಇಂದು ರಾತ್ರಿಯೇ ಅವರ ಧ್ವನಿಮುದ್ರಿಕೆ ಹುಡುಕಿ ಕೇಳಿ. ಸಾಬೀತು ಬೇಕೇಬೇಕೆಂದಿದ್ದರೆ, ಯಾವ ದಾಖಲೆಯನ್ನೂ ಮುಟ್ಟುವ ಮೊದಲು ಮನೆಯಲ್ಲಿರುವ ಅತಿ ಹಿರಿಯರ ಬಳಿ ಕುಳಿತು ಹಳೆಯ ಮನೆತನದ ಹೆಸರು, ಊರು, ವಾಡೆ (ಊರಿನೊಳಗಿನ ಕೇರಿ) ಕೇಳಿ ಬರೆದುಕೊಳ್ಳಿ. ಅವರು ಮರೆತಿದ್ದರೆ ಮತ್ತೊಬ್ಬರನ್ನು ಕೇಳಿ. ಅಲ್ಲಿಯವರೆಗೆ ಪೆನ್ಸಿಲನ್ನೇ ಹಿಡಿಯಿರಿ. ಚಿಕ್ ಅವರ ಹೆಸರನ್ನು ನಾನು ಬ್ಲೇಡಿನಿಂದ ಹೆರೆದಾಗ ಹಾಳೆ ತೂತಾಯಿತು, ಅದರ ಹಿಂದೆ ಬರೆದಿದ್ದ ಅಜ್ಜಿಯ ತವರಿನ ಎರಡು ಹೆಸರುಗಳೂ ಹೋದವು.