ಐದು ವರ್ಷದ ಮಗುವಿನ ತೊಂದರೆಗೆ ಎಂಟು ಭೇಟಿಗಳ ಕುಟುಂಬ ಚಿಕಿತ್ಸೆ ಸಾಕಾದೀತೆ?

ನಿಮ್ಮ ಐದು ವರ್ಷದ ಮಗ ಮಾತುಮಾತಿಗೂ ರಂಪ ಮಾಡುತ್ತಾನೆ, ತಂಗಿಯ ಮೇಲೆ ಕೈಮಾಡುತ್ತಾನೆ ಎಂದು ಬರೆದಿದ್ದೀರಿ. ತೊಂದರೆ ಇರುವುದು ಮಗುವಿಗೆ, ಹೀಗಿರುವಾಗ ಥೆರಪಿಸ್ಟ್ ತಂದೆತಾಯಿ ಇಬ್ಬರನ್ನೂ ಏಕೆ ಬರಹೇಳುತ್ತಾರೆ, ಎಂಟೇ ಭೇಟಿಗಳಲ್ಲಿ ಮುಗಿಯುವುದಾದರೂ ಹೇಗೆ ಎಂಬುದು ನಿಮ್ಮ ಪ್ರಶ್ನೆ. ಚಿಕ್ಕ ಮಕ್ಕಳಿರುವ ಕುಟುಂಬಗಳ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವ ನನಗೆ ಈ ಎರಡು ಸಂಶಯಗಳಿಗೂ ಉತ್ತರ ಒಂದೇ ಎನ್ನಿಸುತ್ತದೆ: ನಿಮ್ಮನ್ನು ಕರೆಯುವುದರಿಂದಲೇ ಚಿಕಿತ್ಸೆ ಚಿಕ್ಕದಾಗಲು ಸಾಧ್ಯವಾಗುತ್ತದೆ.

ವಾರಕ್ಕೊಂದು ಗಂಟೆ ಮಗು ಥೆರಪಿಸ್ಟರ ಎದುರಿಗಿದ್ದರೆ, ಉಳಿದ ಅಷ್ಟೂ ಹೊತ್ತು ಮನೆಯವರ ಜೊತೆಗಿರುತ್ತದೆ. ಐದು ವರ್ಷದ ಮಗು ತನ್ನ ಸಿಟ್ಟನ್ನಾಗಲಿ ಹೆದರಿಕೆಯನ್ನಾಗಲಿ ಮಾತಿನಲ್ಲಿ ಬಿಡಿಸಿ ಹೇಳಲಾರದು. ಕೋಣೆಯಲ್ಲಿ ಕಲಿತದ್ದನ್ನು ಮನೆಗೆ ಹೊತ್ತುಕೊಂಡು ಹೋಗಿ ತಾನಾಗಿಯೇ ಬಳಸುತ್ತದೆ ಎಂದು ನಿರೀಕ್ಷಿಸುವುದೂ ಕಷ್ಟ. ಆ ಕೆಲಸ ದೊಡ್ಡವರಿಂದ ಆಗಬೇಕು. ಹಾಗೆಂದು ತಪ್ಪು ನಿಮ್ಮದು ಎಂದು ಯಾರೋ ತೀರ್ಮಾನಿಸಿದ್ದಾರೆ ಎಂದಲ್ಲ. ಕುಟುಂಬ ಚಿಕಿತ್ಸೆಗೆ ಬರುವ ಬಹುತೇಕ ತಂದೆತಾಯಿಯರು ಮೊದಲ ದಿನ ಕಟಕಟೆಯಲ್ಲಿ ನಿಂತವರಂತೆ ಕುಳಿತಿರುತ್ತಾರೆ, ಆದ್ದರಿಂದ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಅಲ್ಪಾವಧಿಯ ಕುಟುಂಬ ಚಿಕಿತ್ಸೆ ಹೊಸದೇನೂ ಅಲ್ಲ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಮೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಸಂಕ್ಷಿಪ್ತ ಚಿಕಿತ್ಸಾ ಕೇಂದ್ರವು 1960ರ ದಶಕದಲ್ಲಿಯೇ ಹೆಚ್ಚೆಂದರೆ 10 ಭೇಟಿಗಳು ಎಂಬ ಮಿತಿಯನ್ನಿಟ್ಟುಕೊಂಡು ಕೆಲಸ ಆರಂಭಿಸಿತ್ತು. ತೊಂದರೆಯನ್ನು ನಿಲ್ಲಿಸಲೆಂದು ಮನೆಯವರು ಪಡುವ ಪ್ರಯತ್ನವೇ ಎಷ್ಟೋ ಸಲ ಆ ತೊಂದರೆಯನ್ನು ಉಳಿಸಿಕೊಂಡು ಬರುತ್ತದೆ ಎಂಬುದು ಅವರ ಮುಖ್ಯ ಒಳನೋಟವಾಗಿತ್ತು. ಮಗು ಕಿರುಚುತ್ತದೆ, ತಾಯಿ ಬೈಯುತ್ತಾಳೆ, ಮಗು ಇನ್ನೂ ಜೋರಾಗಿ ಕಿರುಚುತ್ತದೆ, ಕೊನೆಗೆ ಬೇಸತ್ತ ತಂದೆ ಕೇಳಿದ್ದನ್ನು ಕೊಟ್ಟುಬಿಡುತ್ತಾನೆ. ಜೋರಾಗಿ ಕಿರುಚಿದರೆ ಸಿಗುತ್ತದೆ ಎಂಬ ಪಾಠ ಮಗುವಿಗೆ ಆಗಿಬಿಡುತ್ತದೆ. ಮಗುವಿನ ಸ್ವಭಾವವನ್ನು ಎಂಟು ವಾರಗಳಲ್ಲಿ ಬದಲಿಸುವುದಾಗದು, ಆದರೆ ಈ ಸುತ್ತನ್ನು ಒಂದು ಕಡೆ ಕತ್ತರಿಸಬಹುದು.

ನಿಮ್ಮ ಮಗನ ವಯಸ್ಸಿಗೂ ತೊಂದರೆಗೂ ಚೆನ್ನಾಗಿ ಹೊಂದುವ ಒಂದು ಪದ್ಧತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪೇರೆಂಟ್ ಚೈಲ್ಡ್ ಇಂಟರಾಕ್ಷನ್ ಥೆರಪಿ ಎಂಬ ಇದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ ಅವರು 1970ರ ದಶಕದಲ್ಲಿ ರೂಪಿಸಿದರು. ಮುಖ್ಯವಾಗಿ 2ರಿಂದ 7 ವರ್ಷದ ಮಕ್ಕಳಿಗಾಗಿ ಇರುವಂಥದ್ದು. ತಾಯಿಯೋ ತಂದೆಯೋ ಮಗುವಿನ ಜೊತೆ ಕೋಣೆಯೊಂದರಲ್ಲಿ ಆಡುತ್ತಾರೆ, ಥೆರಪಿಸ್ಟ್ ಒಂದು ಬದಿಯಿಂದಷ್ಟೇ ಕಾಣುವ ಗಾಜಿನ ಹಿಂದೆ ಕುಳಿತು, ಪಾಲಕರ ಕಿವಿಯಲ್ಲಿರುವ ಇಯರ್‌ಫೋನ್ ಮೂಲಕ ಆಗಿಂದಾಗ್ಗೆ ಸಲಹೆ ಕೊಡುತ್ತಾರೆ. ಮೊದಲ ಹಂತದಲ್ಲಿ ಆಟದ ಮುಂದಾಳತ್ವ ಮಗುವಿನದೇ. ಪ್ರಶ್ನೆ ಕೇಳಬಾರದು, ಆಜ್ಞೆ ಮಾಡಬಾರದು, ಟೀಕಿಸಬಾರದು. ಕೇಳಲು ಸುಲಭವಾದ ಈ ನಿಯಮ ಪಾಲಿಸಲು ಎಷ್ಟು ಕಷ್ಟವೆಂಬುದು ಕುಳಿತು ಆಡಿದಾಗಲೇ ತಿಳಿಯುತ್ತದೆ. ಮಗು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರೆ ನಮ್ಮ ಬಾಯಿಂದ ತಾನಾಗಿ ಬರುವುದು "ಇದು ಯಾವ ಬಣ್ಣ? ಎಷ್ಟಿವೆ, ಎಣಿಸು ನೋಡೋಣ" ಎಂಬ ಪರೀಕ್ಷೆಯೇ. ಅದರ ಬದಲು "ಕೆಂಪು ತುಂಡನ್ನು ಮೇಲಿಟ್ಟೆ" ಎಂದು ಕಂಡದ್ದನ್ನಷ್ಟೇ ಹೇಳಬೇಕು, "ಬೀಳದ ಹಾಗೆ ಮೆಲ್ಲಗೆ ಇಟ್ಟೆಯಲ್ಲ, ಅದು ಚೆನ್ನಾಗಿತ್ತು" ಎಂದು ಯಾವುದು ಮೆಚ್ಚುಗೆಯಾಯಿತೋ ಅದನ್ನು ಬಿಡಿಸಿ ಹೊಗಳಬೇಕು. ಮನೆಯಲ್ಲಿ ದಿನಕ್ಕೆ 5 ನಿಮಿಷ ಇದೇ ಆಟ. ಎರಡನೆಯ ಹಂತದಲ್ಲಿ ಆಜ್ಞೆಗಳು ಬರುತ್ತವೆ: ಒಂದು ಸಲಕ್ಕೆ ಒಂದೇ, ಸ್ಪಷ್ಟವಾಗಿ, "ಮಾಡುತ್ತೀಯಾ?" ಎಂಬ ಬೇಡಿಕೆಯ ಧಾಟಿಯಿಲ್ಲದೆ, ಪಾಲಿಸಿದರೆ ಹೊಗಳಿಕೆ, ಪಾಲಿಸದಿದ್ದರೆ ಮೊದಲೇ ತಿಳಿಸಿದ ಪರಿಣಾಮ. ಈ ಕ್ರಮವನ್ನು ತಲೆಕೆಳಗು ಮಾಡುವ ಆತುರ ಅನೇಕ ಪಾಲಕರಿಗಿರುತ್ತದೆ. ಆದರೆ ಮೊದಲ ಹಂತದಲ್ಲಿ ಕೂಡಿದ ಸಲಿಗೆಯಿಲ್ಲದೆ ಎರಡನೆಯದು ಬರಿಯ ಗದರಿಕೆಯಾಗುತ್ತದೆ.

ಈ ಪದ್ಧತಿ ಸಾಮಾನ್ಯವಾಗಿ 12ರಿಂದ 20 ಭೇಟಿಗಳನ್ನು ಬೇಡುತ್ತದೆ. ಆದ್ದರಿಂದ ಎಂಟು ಎಂದವರು ಬೇರೆ ಪದ್ಧತಿಯನ್ನು ಅನುಸರಿಸುತ್ತಿರಬಹುದು, ಅಥವಾ ಎಂಟರ ನಂತರ ಪರಿಶೀಲಿಸಿ ಮುಂದುವರಿಸುವ ಯೋಚನೆಯಿರಬಹುದು. ಯಾವುದೆಂದು ನೇರವಾಗಿ ಕೇಳಿ, ಅದರಲ್ಲಿ ಸಂಕೋಚ ಬೇಡ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ರಂಪಕ್ಕೆ ಗಮನ ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ರಂಪ ಇಳಿಯುವ ಬದಲು ಏರಲೂಬಹುದು. ಇಷ್ಟು ದಿನ ಫಲಿಸುತ್ತಿದ್ದ ಉಪಾಯ ಈಗ ಫಲಿಸದಿದ್ದಾಗ ಮಗು ಅದನ್ನೇ ಇನ್ನಷ್ಟು ಜೋರಾಗಿ ಪ್ರಯೋಗಿಸಿ ನೋಡಬಹುದು. ಎಷ್ಟೋ ಕುಟುಂಬಗಳು ಚಿಕಿತ್ಸೆ ಕೆಲಸ ಮಾಡುತ್ತಿಲ್ಲವೆಂದು ಬಿಟ್ಟುಬಿಡುವುದು ಈ ಘಟ್ಟದಲ್ಲಿಯೇ, ಮತ್ತು ಹಾಗೆ ಸೋತು ಮಣಿದರೆ ಮುಂದಿನ ರಂಪ ಅಲ್ಲಿಂದಲೇ ಶುರುವಾಗುತ್ತದೆ. ಆದರೆ ತಂಗಿಗೆ ಹೊಡೆಯುವುದನ್ನು ಮಾತ್ರ ಕಂಡೂ ಕಾಣದಂತೆ ಇರಬೇಡಿ; ಅದನ್ನು ತಕ್ಷಣ, ಹೆಚ್ಚು ಮಾತಿಲ್ಲದೆ, ತಡೆಯಲೇಬೇಕು.

ಎಲ್ಲ ತೊಂದರೆಗೂ ಚಿಕ್ಕ ಚಿಕಿತ್ಸೆ ಒಗ್ಗುವುದಿಲ್ಲ. ಮಾತು ತಡವಾಗಿರುವ, ಕಣ್ಣಲ್ಲಿ ಕಣ್ಣಿಟ್ಟು ನೋಡದ, ಕಲಿತದ್ದನ್ನು ಮರೆಯುತ್ತಿರುವ ಮಗುವಿಗೆ ಮೊದಲು ಮಕ್ಕಳ ತಜ್ಞರಿಂದ ಬೆಳವಣಿಗೆಯ ತಪಾಸಣೆ ಆಗಬೇಕು. ತಾಯಿಗೋ ತಂದೆಗೋ ಖಿನ್ನತೆಯಿದ್ದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು, ಎದ್ದು ಕೂರಲೂ ಆಗದವರಿಗೆ ದಿನವೂ ಆಡಿ ಎಂದು ಹೇಳುವುದು ಕ್ರೌರ್ಯವೇ ಸರಿ. ಮನೆಯಲ್ಲಿ ಹಿಂಸೆಯಿದ್ದರೆ ಎಲ್ಲರನ್ನೂ ಒಟ್ಟಿಗೆ ಕೂರಿಸುವ ಮಾತೇ ಬರಬಾರದು, ಸುರಕ್ಷತೆ ಮೊದಲು. ಇಂಥದ್ದೇನಾದರೂ ಇದ್ದಲ್ಲಿ ಥೆರಪಿಸ್ಟರೊಡನೆ ಒಬ್ಬರೇ ಮಾತನಾಡಲು ಸಮಯ ಕೇಳಿ.

ಮೊದಲ ಭೇಟಿಗೆ ಹೋಗುವ ಮುನ್ನ ಒಂದು ವಾರ ಪ್ರತಿ ರಂಪಕ್ಕೂ ಮೊದಲು ಏನಾಯಿತು, ಆಗ ಯಾರು ಏನು ಮಾಡಿದರು, ಹೇಗೆ ಮುಗಿಯಿತು ಎಂಬುದನ್ನು ಎರಡೆರಡು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. "ಮಗ ಒಳ್ಳೆಯವನಾಗಬೇಕು" ಎಂಬ ಗುರಿಯಿಂದ ಎಂಟು ಭೇಟಿಗಳಲ್ಲಿ ಏನೂ ಆಗದು. "ಆಟ ನಿಲ್ಲಿಸಿ ಊಟಕ್ಕೆ ಬಾ ಎಂದಾಗ ಹೊಡೆಯದೆ ಬರಬೇಕು" ಎಂಬುದಾದರೆ ಎಷ್ಟು ಸುಧಾರಿಸಿದೆ ಎಂದು ಅಳೆಯಬಹುದು. ಕೊನೆಯ ಭೇಟಿಯ ಕೆಲವು ತಿಂಗಳ ನಂತರ ಒಮ್ಮೆ ಮತ್ತೆ ಬಂದು ಹೋಗುವ ದಿನವನ್ನೂ ಆರಂಭದಲ್ಲಿಯೇ ಗೊತ್ತುಮಾಡಿಕೊಳ್ಳಿ, ಏಕೆಂದರೆ ಶಾಲೆ ಬದಲಾದಾಗ, ಯಾರಾದರೂ ಕಾಯಿಲೆ ಬಿದ್ದಾಗ ಹಳೆಯ ಸುತ್ತು ಮರುಕಳಿಸುವುದು ಸಹಜ.