ಶೇಕಡ 80ರ ಅಲರ್ಟ್ ದಿನವೂ ಕೂಗುತ್ತಿದೆಯೇ? ಐಪಿ ವಿಳಾಸಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರವೇಶಾತಿಯ ದಿನಗಳು ಬಂದವೆಂದರೆ ದಾವಣಗೆರೆ, ಚಿತ್ರದುರ್ಗದ ಕಾಲೇಜು ಮತ್ತು ಹಾಸ್ಟೆಲುಗಳಿಂದ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ವೈಫೈ ಸಿಗ್ನಲ್ ಪೂರ್ತಿ ಇದೆ, ಆದರೆ ಐಪಿ ವಿಳಾಸ ಸಿಗುತ್ತಿಲ್ಲ. ಯಂತ್ರಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಎಂದರೇನು ಎಂಬಲ್ಲಿಂದ ಆರಂಭಿಸುವ ವ್ಯವಧಾನ ನನಗಿಲ್ಲ. ಸರ್ವರಿನ ಪಾಸ್‌ವರ್ಡ್ ಯಾರ ಕೈಯಲ್ಲಿದೆಯೋ ಅವರಿಗಷ್ಟೇ ಈ ಉತ್ತರಗಳು.

ಪ್ರಶ್ನೆ: ನಮ್ಮ ಕಾಲೇಜಿನ ವೈಫೈ ಪೂಲಿನಲ್ಲಿ, ಅಂದರೆ ಹಂಚಲೆಂದು ಇಟ್ಟ ವಿಳಾಸಗಳ ರಾಶಿಯಲ್ಲಿ, 200 ವಿಳಾಸಗಳಿವೆ. ಶೇ 80 ಬಳಕೆಯಾದರೆ ಮೇಲ್ ಬರುವಂತೆ ಅಲರ್ಟ್ ಇಟ್ಟಿದ್ದೇವೆ. ದಿನಕ್ಕೆ ಮೂವತ್ತು ನಲವತ್ತು ಮೇಲ್ ಬರುವುದರಿಂದ ಈಗ ಯಾರೂ ತೆರೆದು ನೋಡುವುದಿಲ್ಲ. ಮಿತಿಯನ್ನು 95ಕ್ಕೆ ಏರಿಸಬಹುದೇ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಖಂಡಿತ ಏರಿಸಬೇಡಿ. ಶೇ 80 ಎಂಬ ಅಂಕಿಯನ್ನು ಎಲ್ಲರೂ ಎಲ್ಲಿಂದಲೋ ನಕಲು ಮಾಡಿಕೊಳ್ಳುತ್ತಾರೆಯೇ ಹೊರತು, ತಮ್ಮ ಪೂಲಿಗೆ ಅದರ ಅರ್ಥವೇನೆಂದು ಲೆಕ್ಕ ಹಾಕುವವರನ್ನು ನಾನು ಕಂಡದ್ದು ಕಡಿಮೆ. 14 ವಿಳಾಸಗಳ ಚಿಕ್ಕ ಸಬ್‌ನೆಟ್ಟಿನಲ್ಲಿ (ನೆಟ್‌ವರ್ಕಿನ ಒಂದು ತುಂಡಿನಲ್ಲಿ) 13 ಖರ್ಚಾದರೂ ಶೇ 93 ದಾಟುವುದಿಲ್ಲ. ಅಲ್ಲಿ 95ರ ಅಲರ್ಟ್ ಕೂಗುವ ಹೊತ್ತಿಗೆ ಪೂಲ್ ಪೂರ್ತಿ ಮುಗಿದಿರುತ್ತದೆ. ಅದೇ 1022 ವಿಳಾಸಗಳ ಸಬ್‌ನೆಟ್ಟಿನಲ್ಲಿ ಶೇ 80 ಎಂದರೆ ಇನ್ನೂ ಇನ್ನೂರು ವಿಳಾಸ ಉಳಿದಿವೆ ಎಂದರ್ಥ. ಆದ್ದರಿಂದ ಶೇಕಡಾವಾರನ್ನು ಬದಿಗಿಟ್ಟು, ಉಳಿದ ವಿಳಾಸಗಳು ಎಷ್ಟು ಹೊತ್ತಿಗೆ ಸಾಲುತ್ತವೆ ಎಂದು ಕೇಳಿಕೊಳ್ಳಿ. ವಾಣಿವಿಲಾಸ ಸಾಗರದ ಮಟ್ಟ ಎಷ್ಟು ಅಡಿ ಎಂದು ವಿಚಾರಿಸುವವರು ಬೆನ್ನಿಗೇ ಒಳಹರಿವು ಎಷ್ಟು ಎಂದೂ ಕೇಳುತ್ತಾರಲ್ಲ, ಹಾಗೆ.

ನಿಮ್ಮಲ್ಲಿ ಬೆಳಿಗ್ಗೆ 9ರಿಂದ 9.30ರ ನಡುವೆ ಅರವತ್ತು ಹೊಸ ಮೊಬೈಲುಗಳು ಸೇರುತ್ತವೆ ಎಂದುಕೊಳ್ಳೋಣ, ಅಂದರೆ ನಿಮಿಷಕ್ಕೆ ಎರಡು. ಶೇ 80ಕ್ಕೆ ಉಳಿಯುವ ನಲವತ್ತು ವಿಳಾಸಗಳು ಇಪ್ಪತ್ತು ನಿಮಿಷಕ್ಕೆ ಸಾಕು. 95ಕ್ಕೆ ಏರಿಸಿದರೆ ಹತ್ತು ವಿಳಾಸ, ಐದೇ ನಿಮಿಷ. ಮೇಲ್ ನೋಡಿ, ಇನ್ನೊಂದು ಬ್ಲಾಕಿನಿಂದ ನಡೆದು ಬಂದು, ಸರ್ವರ್ ಕೊಠಡಿಯ ಕೀಲಿ ಹುಡುಕಿ ಕೆಲಸಕ್ಕೆ ಕೂರಲು ನಿಮ್ಮವರಿಗೆ ಅರ್ಧ ಗಂಟೆ ಬೇಕೆಂದಾದರೆ, ಅರವತ್ತು ವಿಳಾಸ ಉಳಿದಿರುವಾಗಲೇ, ಎಂದರೆ ಶೇ 70ಕ್ಕೇ, ಅಲರ್ಟ್ ಬರಬೇಕು.

ಮೇಲುಗಳ ಮಳೆಗೆ ಕಾರಣ ಬೇರೆ. ಬಳಕೆ 79, 80, 79 ಎಂದು ತೂಗುಯ್ಯಾಲೆಯಾಡಿದಾಗಲೆಲ್ಲ ಒಂದೊಂದು ಮೇಲ್ ಹೊರಡುತ್ತದೆ. ಕೂಗುವ ಗೆರೆ ಮತ್ತು ಸುಮ್ಮನಾಗುವ ಗೆರೆಗಳನ್ನು ಬೇರೆ ಮಾಡಿ: 70ಕ್ಕೆ ಕೂಗಲಿ, 60ಕ್ಕೆ ಇಳಿಯುವವರೆಗೆ ಮತ್ತೆ ಕೂಗದಿರಲಿ.

ಇಷ್ಟಾದ ಮೇಲೂ ಅದು ದಿನಕ್ಕೊಮ್ಮೆ ಕೂಗುತ್ತಿದ್ದರೆ ತಪ್ಪು ಅಲರ್ಟಿನದ್ದಲ್ಲ, ಪೂಲಿನದ್ದು. ಮೊದಲು ಲೀಸ್ ಅವಧಿ, ಅಂದರೆ ಒಂದು ವಿಳಾಸವನ್ನು ಒಂದು ಯಂತ್ರಕ್ಕೆ ಎಷ್ಟು ಕಾಲಕ್ಕೆ ಕೊಡಲಾಗಿದೆ ಎಂದು, ನೋಡಿ. ವಿಂಡೋಸ್ ಸರ್ವರ್ ತಾನಾಗಿ ಕೊಡುವುದು 8 ದಿನಗಳ ಲೀಸ್. ಮಗಳ ಅಡ್ಮಿಶನ್ನಿಗೆಂದು ಹರಪನಹಳ್ಳಿಯಿಂದ ಬಂದು ಅರ್ಧ ಗಂಟೆ ಕೂತು ಹೋದ ತಂದೆಯ ಮೊಬೈಲು ನಿಮ್ಮ ವಿಳಾಸವೊಂದನ್ನು ಮುಂದಿನ ವಾರದವರೆಗೂ ಹಿಡಿದಿಟ್ಟಿರುತ್ತದೆ. ವೈಫೈಗೆ ನಾಲ್ಕು ಗಂಟೆ ಸಾಕು. ಲ್ಯಾಬಿನ ಡೆಸ್ಕ್‌ಟಾಪುಗಳಿಗೆ 8 ದಿನವೇ ಇರಲಿ. ಬದಲಾಯಿಸಿದ ಕೂಡಲೇ ಫಲ ಕಾಣುವುದಿಲ್ಲ, ಏಕೆಂದರೆ ಈಗಾಗಲೇ ಕೊಟ್ಟ ಲೀಸುಗಳು ನವೀಕರಣಗೊಳ್ಳುವವರೆಗೆ ಅಥವಾ ಮುಗಿಯುವವರೆಗೆ ಹಳೆಯ ಅವಧಿಯಲ್ಲೇ ಇರುತ್ತವೆ. ಅದೂ ಸಾಲದಿದ್ದರೆ 510 ವಿಳಾಸಗಳ ಸಬ್‌ನೆಟ್ಟಿಗೆ ಹೋಗಿ, ಆದರೆ ಕೈಯಾರೆ ವಿಳಾಸ ತುಂಬಿದ ಪ್ರಿಂಟರು, ಕ್ಯಾಮೆರಾಗಳಲ್ಲಿ ಸಬ್‌ನೆಟ್ಟಿನ ಗಾತ್ರ ಹೇಳುವ ಹೊಸ ಮಾಸ್ಕನ್ನೂ ನೀವೇ ತುಂಬಬೇಕೆಂಬುದನ್ನು ಮರೆಯಬೇಡಿ.

ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವನು ಎಂದು ಗೆಳೆಯರು ನಗುತ್ತಾರೆ. ಹಿಂದೆ ನಾನಿದ್ದ ಸಂಸ್ಥೆಯೊಂದರಲ್ಲಿ ಆನ್‌ಲೈನ್ ಪರೀಕ್ಷೆಯ ಬೆಳಿಗ್ಗೆ ಒಂದು ಲ್ಯಾಬಿನ ಅರ್ಧದಷ್ಟು ಯಂತ್ರಗಳು 169.254ರಿಂದ ಶುರುವಾಗುವ ವಿಳಾಸ ತೋರಿಸುತ್ತ ಕುಳಿತವು. ಡಿಎಚ್‌ಸಿಪಿ ಸರ್ವರ್ ಕೈಚೆಲ್ಲಿದಾಗ ಯಂತ್ರ ತನಗೆ ತಾನೇ ಕೊಟ್ಟುಕೊಳ್ಳುವ ವಿಳಾಸವದು. ಲಾಗ್ ತೆರೆದರೆ, ಸ್ಕೋಪ್ (ವಿಂಡೋಸ್ ಸರ್ವರ್ ಪೂಲಿಗೆ ಕೊಡುವ ಹೆಸರು) ತುಂಬುತ್ತ ಬಂದಿದೆ ಎನ್ನುವ 1020ರ ಈವೆಂಟ್ ಸಾಲುಸಾಲಾಗಿ ಬಿದ್ದಿತ್ತು, ಕೊನೆಯಲ್ಲಿ ವಿಳಾಸ ಮುಗಿಯಿತೆನ್ನುವ 1063. ಅಲರ್ಟುಗಳೂ ತಪ್ಪದೆ ಹೋಗಿದ್ದವು, ನಿವೃತ್ತರಾದವರೊಬ್ಬರ ಮೇಲಿಗೆ. ಅಂದಿನಿಂದ ನಾನು ಅಲರ್ಟನ್ನು ಒಬ್ಬರ ಹೆಸರಿಗೆ ಕಟ್ಟುವುದಿಲ್ಲ, ಇಬ್ಬರ ಮೊಬೈಲಿಗೆ ಹೋಗುವಂತೆ ಮಾಡುತ್ತೇನೆ. ತಿಂಗಳಿಗೊಮ್ಮೆ ಮಿತಿಯನ್ನು ಬೇಕೆಂದೇ ತಗ್ಗಿಸಿ, ಸಂದೇಶ ತಲುಪುತ್ತದೆಯೇ ಎಂದು ನೋಡುತ್ತೇನೆ.

ಪ್ರಶ್ನೆ: ಪಿಂಗ್ ಮಾಡಿ, ಅಂದರೆ ಪ್ರತಿ ವಿಳಾಸವನ್ನೂ ಕೂಗಿ ಕರೆದು, ನೋಡಿದರೆ ಅರ್ಧಕ್ಕರ್ಧ ವಿಳಾಸಗಳು ಖಾಲಿ ಇವೆ. ಸರ್ವರ್ ಮಾತ್ರ ಪೂಲ್ ತುಂಬಿದೆ ಎನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ: ಸರ್ವರನ್ನು. ನಿದ್ದೆಗೆ ಜಾರಿದ ಮೊಬೈಲೂ ಫೈರ್‌ವಾಲ್ ಇರುವ ವಿಂಡೋಸೂ ಪಿಂಗಿಗೆ ಓಗೊಡದೆ ಇರಬಹುದು. ಲೆಕ್ಕ ಇರುವುದು ಲೀಸ್ ಪಟ್ಟಿಯಲ್ಲಿ.

ಪ್ರಶ್ನೆ: ಜಗತ್ತಿನಲ್ಲೇ ಐಪಿ ವಿಳಾಸ ಮುಗಿದಿರುವುದರಿಂದ ನಮ್ಮ ಹಾಸ್ಟೆಲಿಗೆ ಕೊರತೆಯಾಗಿದೆ, ವಿಳಾಸ ಹೆಚ್ಚಿಸುವ ಸಾಫ್ಟ್‌ವೇರ್ ಕೊಳ್ಳಿ ಎಂದು ಕಂಪ್ಯೂಟರ್ ಅಂಗಡಿಯವರು ಹೇಳುತ್ತಾರೆ. ನಿಜವೇ? (ಚಿತ್ರದುರ್ಗದ ಓದುಗರೊಬ್ಬರು)

ಉತ್ತರ: 2011ರ ಫೆಬ್ರುವರಿಯಲ್ಲಿ ಜಾಗತಿಕ ದಾಸ್ತಾನಿನಿಂದ ಮುಗಿದದ್ದು ಸಾರ್ವಜನಿಕ ಐಪಿವಿ4 ವಿಳಾಸಗಳು. ನಿಮ್ಮ ಹಾಸ್ಟೆಲಿನೊಳಗೆ ಓಡುವುದು ಖಾಸಗಿ ವಿಳಾಸ, ಅದರಲ್ಲಿ 10ರಿಂದ ಆರಂಭವಾಗುವ ಸರಣಿಯೊಂದರಲ್ಲೇ 1,67,77,216 ಇವೆ. ಅಂಗಡಿಯವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ಐಪಿವಿ4ಕ್ಕಿಂತ ಎಷ್ಟೋ ಹೆಚ್ಚು ವಿಳಾಸಗಳಿರುವ ಹೊಸ ಪದ್ಧತಿ ಐಪಿವಿ6 ಹಾಕಿಕೊಂಡರೆ ಈ ಅಲರ್ಟುಗಳನ್ನು ತೆಗೆದುಹಾಕಬಹುದೇ?

ಉತ್ತರ: ಪಕ್ಕದಲ್ಲಿ ಐಪಿವಿ4 ಓಡುತ್ತಿರುವವರೆಗೆ ತೆಗೆಯುವಂತಿಲ್ಲ.

ಪ್ರಶ್ನೆ: ಪೂಲ್ ತುಂಬಿದಾಗ ರೌಟರನ್ನು ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಹಾಗೆಯೇ ಮುಂದುವರಿಸಬಹುದೇ?

ಉತ್ತರ: ಸಣ್ಣ ರೌಟರುಗಳಲ್ಲಿ ಅನೇಕವು ಆಫ್ ಆದಾಗ ಲೀಸ್ ಪಟ್ಟಿಯನ್ನೇ ಮರೆತುಬಿಡುತ್ತವೆ, ಆಮೇಲೆ ಒಂದೇ ವಿಳಾಸ ಇಬ್ಬರ ಪಾಲಾಗಿ, ಇಬ್ಬರದೂ ಕೆಡಬಹುದು. ದಯವಿಟ್ಟು ಆ ಸ್ವಿಚ್ಚಿಗೆ ಕೈ ಹಾಕಬೇಡಿ.