ಕೇಬಲ್ ಬೇಡ, ಮೊದಲು ಮೀಟರ್ ತಗೊಳ್ಳಿ

ಕಾರು ಸ್ಟಾರ್ಟ್ ಆಗದೆ ದಿನಾ ಬೆಳಿಗ್ಗೆ ಪಕ್ಕದ ಮನೆಯವರ ಕಾರಿನ ಬ್ಯಾಟರಿಯಿಂದ ಕೇಬಲ್ ಎಳೆದು ಜಂಪ್ ಕೊಡುತ್ತೀರಿ, ಅದಕ್ಕೆ ಒಳ್ಳೇ ದಪ್ಪ ಕೇಬಲ್ ಯಾವುದು ಅಂತ ಕೇಳಿದ್ದೀರಿ. ಯಾವುದೂ ಬೇಡ. ನಾನೂ ಹೀಗೇ ಮಾಡಿಕೊಂಡು ಬಂದವನು.

ಸಕಲೇಶಪುರದಲ್ಲಿದ್ದಾಗ ನನ್ನ ಕಾರು ಕೀ ತಿರುಗಿಸಿದರೆ ಬರೀ ಟಕ್ ಟಕ್ ಅನ್ನುತ್ತಿತ್ತು, ಸೆಲ್ಫ್ ಎತ್ತುತ್ತಿರಲಿಲ್ಲ. ಮಳೆಗೆ ಬ್ಯಾಟರಿ ಡೌನ್ ಆಗಿದೆ ಅಂದುಕೊಂಡೆ. ಪಕ್ಕದ ಮನೆ ಅಣ್ಣ ಬಂದು ಜಂಪ್ ಕೊಡುತ್ತಿದ್ದರು. ಕಪ್ಪು ಕ್ಲಿಪ್ಪನ್ನು ಯಾವಾಗಲೂ ಇಂಜಿನ್‌ಗೇ ಹಾಕುತ್ತಿದ್ದರು. ಯಾಕೆ ಅಂತ ನಾನು ಕೇಳಲೇ ಇಲ್ಲ.

ಅವರಿಲ್ಲದ ಒಂದು ರಾತ್ರಿ ನಾನೇ ಹಾಕಿದೆ. ಎರಡೂ ಕ್ಲಿಪ್ ಬ್ಯಾಟರಿಗೇ, ಅದೂ ಉಲ್ಟಾ. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಕಾರಿನ ಎರಡೂ ವೈರಿಗೆ ಯಾರೋ ಕಪ್ಪು ಟೇಪ್ ಸುತ್ತಿದ್ದರು. ಅವರ ಕಾರಿನಲ್ಲಿ ಪ್ಲಸ್ ಎಡಕ್ಕಿತ್ತು, ನನ್ನದರಲ್ಲೂ ಹಾಗೇ ಅಂದುಕೊಂಡೆ. ಆದರೆ ಒಂದೇ ಅಳತೆಯ ಬ್ಯಾಟರಿಯಲ್ಲೂ ಪ್ಲಸ್ ಎಡಕ್ಕಿರುವುದು, ಬಲಕ್ಕಿರುವುದು ಎರಡೂ ಬರುತ್ತವೆ. ವೈರಿನ ಬಣ್ಣ ನಂಬಬೇಡಿ, ಜಾಗ ನಂಬಬೇಡಿ. ಬ್ಯಾಟರಿ ಮೈಮೇಲಿನ ಧೂಳು ಒರೆಸಿ, ಅಚ್ಚಾಗಿರುವ ಪ್ಲಸ್ ಗುರುತನ್ನೇ ನೋಡಿ. ಟಾರ್ಚ್ ಇಲ್ಲದಿದ್ದರೆ ಮುಟ್ಟಲೇಬೇಡಿ.

ಭಾರೀ ಕಿಡಿ ಹಾರಿತು. ಮೇನ್ ಫ್ಯೂಸ್ ಹೋಯಿತು, ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಡಯೋಡ್‌ಗಳು ಸುಟ್ಟವು. ಹೊಸ ಬ್ಯಾಟರಿಗಿಂತ ಜಾಸ್ತಿ ದುಡ್ಡು ಖರ್ಚಾಯಿತು. ಕಣ್ಣು ಉಳಿಯಿತು, ಪುಣ್ಯ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ. 4 ಸೇರಿದ್ದರೆ ಸಾಕು, ಕಿಡಿ ತಾಗಿದರೆ ಸಿಡಿಯುತ್ತದೆ, ಆಸಿಡ್ ಮುಖಕ್ಕೆ ಹಾರುತ್ತದೆ. ಕೊನೆಯ ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ದೂರ, ಇಂಜಿನ್ನಿನ ಬರೀ ಲೋಹಕ್ಕೆ ಹಾಕುವುದು ಅದಕ್ಕೇ.

ಆಮೇಲೆ ಎಲೆಕ್ಟ್ರಿಷಿಯನ್ ನೋಡಿದರೆ ಬ್ಯಾಟರಿ ಚೆನ್ನಾಗೇ ಇತ್ತು! ಮೈನಸ್ ಟರ್ಮಿನಲ್, ಅಂದರೆ ಬ್ಯಾಟರಿಗೆ ವೈರು ಕಚ್ಚುವ ಜಾಗದ ಒಳಗೆ ಬಿಳಿ ಪುಡಿ ಕಟ್ಟಿತ್ತು, ಅಷ್ಟೇ. ಅಣ್ಣನ ಕ್ಲಿಪ್ ಇಂಜಿನ್‌ಗೆ ಕಚ್ಚುತ್ತಿದ್ದರಿಂದ ಕರೆಂಟ್ ಆ ಜಾಗ ತಪ್ಪಿಸಿ ಹೋಗುತ್ತಿತ್ತು. ಬಿಸಿನೀರು, ಹಳೇ ಬ್ರಷ್ಷು, ಒಂದು ಸ್ಪ್ಯಾನರ್ ಇದ್ದಿದ್ದರೆ ಮುಗಿಯುತ್ತಿದ್ದ ಕೆಲಸ.

ಹಾಗಾಗಿ ಟರ್ಮಿನಲ್ ಬಿಚ್ಚಿ ತೊಳೆಯಿರಿ, ಮೊದಲು ಮೈನಸ್ ಬಿಚ್ಚಿ. ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ತಗೊಳ್ಳಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು, 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಲೆಕ್ಕ. ಇಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.8ರಿಂದ 14.4 ಬರುತ್ತದೆ. ಬರದಿದ್ದರೆ ಡೈನಮೋ ತೋರಿಸಿ. ಎಲ್ಲ ಸರಿಯಿದ್ದೂ ಬೆಳಗಾಗುವಷ್ಟರಲ್ಲಿ ಇಳಿಯುತ್ತಿದ್ದರೆ, ನನಗೆ ಅನುಮಾನ ಕಾರು ತಗೊಂಡ ಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ ಅಥವಾ ಡ್ಯಾಶ್‌ಕ್ಯಾಮ್ ವೈರಿಂಗ್ ಮೇಲೆ. ಅಂಥದ್ದೇನಾದರೂ ಹಾಕಿಸಿದ್ದೀರಾ? ಬೆಳಗಿನ ರೀಡಿಂಗ್ ಜೊತೆ ಅದನ್ನೂ ಬರೆಯಿರಿ, ನೋಡೋಣ.